ನಾಲೆ ಏರಿಯೇ ನಮ್ಮ ಸೈಕಲ್ ದಾರಿ: ಜೋಡಿಯಾಗಿ ಹೊರಡುವವರಿಗೆ, ನೀರಾವರಿ ಇಲಾಖೆಗೆ

ಮಾನ್ಯ ಸಂಪಾದಕರೇ,

ದೀಪಾವಳಿ ಕಳೆದು ಬಿಸಿಲು ಹದಕ್ಕೆ ಬರುತ್ತಿದ್ದಂತೆ ನಮ್ಮ ಮೈಸೂರು, ಮಂಡ್ಯ ಸೀಮೆಯಲ್ಲಿ ಸೈಕಲ್ ಕಾಲ ಶುರುವಾಗುತ್ತದೆ. ಭಾನುವಾರ ಬೆಳಗ್ಗೆ ಗೆಳೆಯರ ಗುಂಪಿನಲ್ಲಿ ಹೋಗಿ ತಿಂಡಿ ತಿಂದು ಬರುವುದು ಬೇರೆ. ಗಂಡ ಹೆಂಡತಿ ಇಬ್ಬರೇ ಬಟ್ಟೆಬರೆ ಕಟ್ಟಿಕೊಂಡು ಮೂರು ನಾಲ್ಕು ದಿನ ಊರಿಂದೂರಿಗೆ ತುಳಿಯುವುದು ಬೇರೆ. ಎರಡನೆಯದಕ್ಕೆ ಮನಸ್ಸು ಮಾಡಿದವರು ಮೊದಲು ಕೇಳುವುದು ‘ಯಾವ ಸೈಕಲ್ ಕೊಳ್ಳೋಣ’ ಅಂತ. ಅದಕ್ಕೂ ಮುಂಚೆ ಕೇಳಬೇಕಾದದ್ದು ‘ಯಾವ ದಾರಿ ಹಿಡಿಯೋಣ’ ಅಂತ. ಅದಕ್ಕೆ ನಮ್ಮ ಉತ್ತರ: ನಾಲೆ ಏರಿ. ಹೊಸದಾಗಿ ಹಣ ಸುರಿದು ಸೈಕಲ್ ಪಥ ಕಟ್ಟುವ ಅಗತ್ಯ ಈ ಸೀಮೆಗಿಲ್ಲ. ಅಜ್ಜಂದಿರ ಕಾಲದಿಂದಲೂ ಅದು ಹಾಸಿಕೊಂಡೇ ಇದೆ. ಆ ಏರಿಯ ಮೇಲೆ ಜೋಡಿಯಾಗಿ ಹೋಗುವುದು ಹೇಗೆ, ಏನೇನು ಕೈಕೊಡುತ್ತದೆ, ಇಲಾಖೆ ಮಾಡಬೇಕಾದ ಸಣ್ಣ ಕೆಲಸಗಳು ಯಾವುವು ಎಂಬುದನ್ನು ತಿಳಿಸಲು ಈ ಪತ್ರ.

ಮೊದಲು ಹೆದ್ದಾರಿಯ ಮಾತು ಮುಗಿಸಿಬಿಡೋಣ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳ ಜೊತೆಗೆ ಎಂಜಿನ್ ಇಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಅಂದರೆ ಸೈಕಲ್ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮುಖ್ಯ ಪಥದಿಂದ ತಳ್ಳಲ್ಪಟ್ಟ ಗಾಡಿಗಳೆಲ್ಲ ಅಲ್ಲೇ ಇರುತ್ತವೆ. ಮೈಸೂರಿನಿಂದ ಶ್ರೀರಂಗಪಟ್ಟಣದವರೆಗಿನ ಸುಮಾರು 15 ಕಿಲೋಮೀಟರ್ ದಾಟಲು ಅದನ್ನು ಬಳಸಬಹುದು, ಅದೂ ಬೆಳಗ್ಗೆ ಏಳರೊಳಗೆ. ಅಲ್ಲಿಂದಾಚೆಗೆ ಹೆದ್ದಾರಿಯ ಹಂಗು ಬೇಡ.

ಏರಿ ಸೈಕಲ್ಲಿಗೆ ಏಕೆ ಒಗ್ಗುತ್ತದೆ ಎಂಬುದಕ್ಕೆ ಕಾರಣ ನೀರಿನಲ್ಲೇ ಇದೆ. ನಾಲೆ ಎತ್ತರವನ್ನು ಆದಷ್ಟು ಕಡಿಮೆ ಕಳೆದುಕೊಳ್ಳುತ್ತಾ ಹರಿಯಬೇಕು. ಬೇಗ ತಗ್ಗಿಗೆ ಇಳಿದುಬಿಟ್ಟರೆ ಮೇಲಿನ ಗದ್ದೆಗೆ ನೀರು ಹತ್ತುವುದಿಲ್ಲ. ಅದಕ್ಕೇ ಅದು ದಿಣ್ಣೆ ಸಿಕ್ಕಿದಲ್ಲೆಲ್ಲ ಸುತ್ತು ಹಾಕುತ್ತದೆ. ಡಾಂಬರು ರಸ್ತೆಯಲ್ಲಿ 10 ಕಿಲೋಮೀಟರ್ ಇರುವ ಊರು ಏರಿಯ ಮೇಲೆ 14 ಆಗಬಹುದು. ಆದರೆ ಆ 14ರಲ್ಲಿ ಉಸಿರು ಕಟ್ಟುವಂಥ ಏರು ಇರುವುದಿಲ್ಲ. ಗೇರಿಲ್ಲದ ಸೈಕಲ್ಲೂ ಸಾಗುತ್ತದೆ. ಮಂಡಿ ನೋವಿನವರಿಗೂ, ಹೊಸದಾಗಿ ಕಲಿತವರಿಗೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕನ್ನಂಬಾಡಿಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ (ವಿ.ಸಿ. ನಾಲೆ) ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ನೀರು ಒಯ್ಯುವ ದೊಡ್ಡ ನಾಲೆ. ಅದರ ಏರಿ ಅಗಲ. ಜೀಪು ಓಡಾಡುವ ಕಡೆಗಳಲ್ಲಿ ಮಣ್ಣು ಗಟ್ಟಿಯಾಗಿರುತ್ತದೆ. ವಿರಿಜಾ, ಚಿಕ್ಕದೇವರಾಯ ಸಾಗರ, ಬಂಗಾರದೊಡ್ಡಿ ನಾಲೆಗಳು ಕನ್ನಂಬಾಡಿ ಕಟ್ಟೆಗಿಂತ ಎಷ್ಟೋ ಹಳೆಯವು. ಅವು ಕಿರಿದು, ಹೊಂಗೆ, ತೆಂಗಿನ ನೆರಳು ಹೆಚ್ಚು, ತಿರುವೂ ಹೆಚ್ಚು. ಎರಡು ದಿನದ ಪ್ರಯಾಣವಾದರೆ ಹಳೆಯ ನಾಲೆಗಳ ಸುತ್ತಲೇ ಇರಿ. ನಾಲ್ಕು ದಿನವಿದ್ದರೆ ದೊಡ್ಡ ನಾಲೆಗೆ ಹೋಗಿ.

ಅಮೆರಿಕದಲ್ಲಿ ವಾಷಿಂಗ್ಟನ್ ನಗರದಿಂದ ಕಂಬರ್‌ಲ್ಯಾಂಡ್‌ವರೆಗೆ ಚೆಸಪೀಕ್–ಓಹಾಯೊ ಎಂಬ ಹಳೆಯ ಕಾಲುವೆ ಇದೆ. ಹೇಸರಗತ್ತೆಗಳು ದೋಣಿ ಎಳೆಯುತ್ತಿದ್ದ ಅದರ ದಂಡೆ ಈಗ 184.5 ಮೈಲಿ, ಅಂದರೆ ಸುಮಾರು 297 ಕಿಲೋಮೀಟರಿನ ಸೈಕಲ್ ದಾರಿ. ಅಲ್ಲಿಂದ ಮುಂದೆ ಪಿಟ್ಸ್‌ಬರ್ಗ್‌ವರೆಗೆ ಇನ್ನೂ 240 ಕಿಲೋಮೀಟರ್ ಬೇರೊಂದು ದಾರಿ ಸೇರಿಕೊಳ್ಳುತ್ತದೆ. ದೋಣಿಗಳು 1924ರ ಪ್ರವಾಹದ ನಂತರ ನಿಂತವು. ಆಮೇಲೆ ದಂಡೆಯ ಮೇಲೆ ಕಾರು ರಸ್ತೆ ಹಾಕುವ ಯೋಚನೆ ಬಂದಾಗ, ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ 1954ರಲ್ಲಿ ಆ ದಂಡೆಯುದ್ದಕ್ಕೂ ನಡೆದು ಜನರ ಗಮನ ಸೆಳೆದರು. 1971ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕೆಲಕೆಲವು ಮೈಲಿಗೊಮ್ಮೆ ತಂಗುವ ಜಾಗ, ಒಂದು ಶೌಚಾಲಯ, ಒಂದು ನೀರಿನ ಬೋರ್ ಪಂಪು. ಅಲ್ಲಿರುವುದು ಇಷ್ಟೇ. ಅವರ ಕಾಲುವೆ ಬಹುಪಾಲು ಸತ್ತ ಕಾಲುವೆ. ನಮ್ಮದು ಹರಿಯುವ ನಾಲೆ, ಎರಡೂ ಕಡೆ ಭತ್ತ, ಕಬ್ಬು, ತೆಂಗು. ಚೆಲುವಿನಲ್ಲಿ ನಮ್ಮದೇ ಒಂದು ಕೈ ಮೇಲು; ಹರಿಯುವ ನೀರು ಇರುವುದರಿಂದ ಅಪಾಯದಲ್ಲೂ ಮೇಲು.

ಆ ಅಪಾಯವನ್ನು ಬಿಡಿಸಿ ಹೇಳಲೇಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತದ್ದನ್ನು ಈ ಜಿಲ್ಲೆ ಮರೆತಿಲ್ಲ. ಸೈಕಲ್ ಸವಾರರಿಗೆ ಅಪಾಯ ಇನ್ನೊಂದು ಬಗೆಯದು. ಕಾಂಕ್ರೀಟ್ ಹಾಕಿದ ನಾಲೆಯ ಒಳಮೈ ಇಳಿಜಾರಾಗಿರುತ್ತದೆ, ನೀರಿನ ಮಟ್ಟದಲ್ಲಿ ಪಾಚಿ ಕಟ್ಟಿರುತ್ತದೆ. ಬಾಟಲಿಗೆ ನೀರು ತುಂಬಲು, ಕೈ ತೊಳೆಯಲು, ಬಿದ್ದ ಟೋಪಿ ಎತ್ತಲು ಒಂದು ಹೆಜ್ಜೆ ಇಳಿದರೂ ಕಾಲು ಜಾರುತ್ತದೆ. ಜಾರಿದವರಿಗೆ ಹಿಡಿದು ಮೇಲೆ ಬರಲು ಒಂದು ಗರಿಕೆಯೂ ಸಿಗುವುದಿಲ್ಲ. ಈಜು ಬಂದರೂ ಪ್ರಯೋಜನವಿಲ್ಲ, ಹತ್ತುವ ಜಾಗವಿದ್ದರೆ ತಾನೇ. ಆದ್ದರಿಂದ ನಿಯಮ ಹೀಗಿರಲಿ: ಏರಿಯ ನಡುವೆಯೇ ತುಳಿಯಬೇಕು, ನೀರಿನ ಅಂಚಿನಿಂದ ಒಂದೂವರೆ ಮೀಟರ್ ಒಳಗೆ ಸೈಕಲ್ ಹೋಗಕೂಡದು, ಫೋಟೊ ತೆಗೆಯುವುದಾದರೆ ಇಳಿದು ನಿಂತು ತೆಗೆಯಬೇಕು, ಎದುರಿಗೆ ದನ, ಟ್ರ್ಯಾಕ್ಟರ್ ಬಂದರೆ ಗದ್ದೆಯ ಕಡೆಗೆ ಇಳಿದು ನಿಲ್ಲಬೇಕು, ನೀರಿನ ಕಡೆಗಲ್ಲ. ಸಂಗಾತಿ ನೀರಿಗೆ ಬಿದ್ದರೆ ಇನ್ನೊಬ್ಬರು ಧುಮುಕಕೂಡದು. ಸಾಮಾನು ಕಟ್ಟಲು 10 ಮೀಟರ್ ನೈಲಾನ್ ಹಗ್ಗವನ್ನೇ ಬಳಸಿ, ಒಂದೇ ಎಳೆತಕ್ಕೆ ಬಿಚ್ಚುವ ಹಾಗೆ ಗಂಟು ಹಾಕಿ. ಅದನ್ನು ಎಸೆದು, ನೀರಿನ ಹರಿವಿನ ಜೊತೆಗೇ ಏರಿಯ ಮೇಲೆ ಓಡಿ, ಮುಂದಿನ ಸೇತುವೆ ಅಥವಾ ತೂಬಿನ ಬಳಿ ಹಿಡಿಯಬೇಕು. ಜೊತೆಗೆ 112ಕ್ಕೆ ಕರೆ. ನಡುವಿನಲ್ಲಿ ಯಾವ ಊರಿನ ತೂಬು ದಾಟಿದಿರಿ ಎಂಬುದನ್ನು ಇಬ್ಬರೂ ಬಾಯಲ್ಲಿ ಹೇಳಿಕೊಳ್ಳುತ್ತಾ ಹೋದರೆ, ಕರೆ ಮಾಡುವಾಗ ಜಾಗ ಹೇಳಲು ತಡವರಿಸಬೇಕಾಗುವುದಿಲ್ಲ.

ಇನ್ನು ದಾರಿ. ನಾಲ್ಕು ದಿನದ ಸುತ್ತು ಈ ಸೀಮೆಗೆ ಸರಿಯಾಗಿ ಒದಗುತ್ತದೆ. ಮೊದಲ ದಿನ ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ತೊಣ್ಣೂರು ಕೆರೆ ದಾಟಿ ಮೇಲುಕೋಟೆ. ನೇರ ರಸ್ತೆಯಲ್ಲಿ 50 ಕಿಲೋಮೀಟರ್ ಆಗುತ್ತದೆ, ಏರಿ ಮತ್ತು ಕೆರೆ ಸುತ್ತು ಸೇರಿಸಿದರೆ 60 ದಾಟುತ್ತದೆ. ಎರಡನೆಯ ದಿನ ಮೇಲುಕೋಟೆಯಿಂದ ಇಳಿದು ಮಂಡ್ಯ. ಮೂರನೆಯ ದಿನ ಮಂಡ್ಯದಿಂದ ಮಳವಳ್ಳಿ ಮೇಲೆ ಶಿವನಸಮುದ್ರದ ಕಡೆಗೆ. ನಾಲ್ಕನೆಯ ದಿನ ತಲಕಾಡು, ತಿರುಮಕೂಡಲು ನರಸೀಪುರ, ಸೋಮನಾಥಪುರ ನೋಡಿಕೊಂಡು ಮೈಸೂರು. ಕೊನೆಯ ದಿನವೇ ಎಲ್ಲಕ್ಕಿಂತ ಉದ್ದ. ಅದನ್ನು ಎರಡು ದಿನ ಮಾಡಿ ನರಸೀಪುರದಲ್ಲಿ ತಂಗಿದರೆ ಯಾವ ನಷ್ಟವೂ ಇಲ್ಲ. ಮಣ್ಣಿನ ಏರಿಯ ಮೇಲೆ ಸಾಮಾನು ಹೊತ್ತ ಸೈಕಲ್ ಗಂಟೆಗೆ 11, 12 ಕಿಲೋಮೀಟರಿಗಿಂತ ಹೆಚ್ಚು ಹೋಗುವುದಿಲ್ಲ ಎಂದೇ ಲೆಕ್ಕ ಹಾಕಿ. ಡಾಂಬರಿನ ಲೆಕ್ಕವನ್ನು ಏರಿಗೆ ಹಾಕಿದವರೇ ಕತ್ತಲಲ್ಲಿ ಸಿಕ್ಕಿಕೊಳ್ಳುವುದು.

ನಕ್ಷೆಯಲ್ಲಿ ನಾಲೆಯ ನೀಲಿ ಗೆರೆ ಕಂಡ ಮಾತ್ರಕ್ಕೆ ಅದರ ಪಕ್ಕ ದಾರಿ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಹುಲಿಕೆರೆ ಸುರಂಗದ ಬಳಿ ನಾಲೆ ದಿಣ್ಣೆಯೊಳಕ್ಕೆ ನುಗ್ಗುತ್ತದೆ, ಏರಿ ಅಲ್ಲಿಗೆ ಮುಗಿಯುತ್ತದೆ. ಊರಿನ ರಸ್ತೆ ಹಿಡಿದು ಆಚೆ ಬದಿಗೆ ಹೋಗಿ ಮತ್ತೆ ನಾಲೆ ಸೇರಬೇಕು. ಹಳ್ಳದ ಮೇಲೆ ನಾಲೆ ಹಾಯುವ ಮೇಲ್ಗಾಲುವೆಗಳಲ್ಲಿ ನಡೆದು ಹೋಗುವಷ್ಟೇ ಜಾಗ ಇರುತ್ತದೆ. ಅಲ್ಲಿ ಇಳಿದು, ಒಬ್ಬರ ಹಿಂದೆ ಒಬ್ಬರು, ಸೈಕಲ್ಲನ್ನು ನೀರಿನ ಬದಿಗೆ ಇಟ್ಟುಕೊಂಡು ತಳ್ಳಬೇಕು. ದಾರಿ ಅನುಮಾನವಾದರೆ ಫೋನ್ ನೋಡುವುದಕ್ಕಿಂತ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ಕೇಳುವುದು ಮೇಲು. ಯಾವ ಏರಿ ಕುಸಿದಿದೆ, ಎಲ್ಲಿ ಕೆಲಸ ನಡೆದಿದೆ, ನೀರು ಎಂದು ಬಿಡುತ್ತಾರೆ ಎಂಬುದು ಅವರಿಗೆ ಗೊತ್ತಿದ್ದಷ್ಟು ಬೇರಾರಿಗೂ ಗೊತ್ತಿರುವುದಿಲ್ಲ.

ಕಾಲ ನವೆಂಬರ್‌ನಿಂದ ಫೆಬ್ರವರಿ. ಆಷಾಢದ ಗಾಳಿ ನೈಋತ್ಯದಿಂದ ಬೀಸುವುದರಿಂದ ಮೈಸೂರಿನಿಂದ ಮಂಡ್ಯಕ್ಕೆ ಹೋಗುವಾಗ ಬೆನ್ನು ತಳ್ಳುತ್ತದೆ, ಬರುವಾಗ ಎದೆಗೆ ಒದೆಯುತ್ತದೆ. ಮಳೆ ಬಿದ್ದ ಏರಿಯ ಕೆಮ್ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಅರ್ಧ ಫರ್ಲಾಂಗಿನಲ್ಲಿ ಚಕ್ರ ನಿಂತುಬಿಡುತ್ತದೆ. ಕಡ್ಡಿ ಹಾಕಿ ಕೆರೆದರೂ ನೂರು ಹೆಜ್ಜೆಗೆ ಮತ್ತೆ ಅದೇ ಪಾಡು. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಅಂದು ಡಾಂಬರು ರಸ್ತೆಯೇ ಗತಿ. ಚಳಿಗಾಲದಲ್ಲಿ ತೊಂದರೆ ಬೇರೆ. ನಾಲೆಯ ಮೇಲೆ ಬೆಳಗಿನ ಮಂಜು ದಟ್ಟವಾಗಿ ಕೂತಿರುತ್ತದೆ, ಸೂರ್ಯ ಮೇಲೆ ಬಂದ ಮೇಲೆಯೇ ನಾಲೆ ಏರಿಗೆ ಹೋಗಿ. ಕಬ್ಬಿನ ಗದ್ದೆಗಳಲ್ಲಿ ಚಿರತೆ ಅಡಗುವುದು ಈ ಭಾಗದವರಿಗೆ ಹೊಸ ಸುದ್ದಿಯಲ್ಲ. ಮುಂಜಾವಿನ ಮಬ್ಬಿನಲ್ಲಿ, ಮುಸ್ಸಂಜೆಯಲ್ಲಿ ಕಬ್ಬಿನ ನಡುವಿನ ದಾರಿ ಹಿಡಿಯದಿರುವುದಕ್ಕೆ ಅದೂ ಒಂದು ಕಾರಣ.

ಸುಗ್ಗಿಯ ದಿನಗಳಲ್ಲಿ ಹಳ್ಳಿ ರಸ್ತೆಯ ಮೇಲಿನ ಒಕ್ಕಣೆಯ ಬಗ್ಗೆ ಒಂದು ಮಾತು. ರಾಗಿ ತೆನೆ, ಹುರುಳಿ ಬಳ್ಳಿಯನ್ನು ಗಾಡಿಗಳ ಚಕ್ರಕ್ಕೆ ಸಿಗುವಂತೆ ಹಾಸಿರುತ್ತಾರೆ. ಕಾರಿನವರಿಗೆ ಅದು ಮೆತ್ತೆ, ಸೈಕಲ್ಲಿಗೆ ಮೃತ್ಯು. ರಾಗಿ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಮುಂಚಕ್ರ ಜಾರುತ್ತದೆ. ಹುರುಳಿ ಬಳ್ಳಿ ಇನ್ನೂ ಕೆಟ್ಟದ್ದು: ಒಣಗಿದ ಬಳ್ಳಿ ಹಗ್ಗದಂತೆ ಹಿಂಚಕ್ರದ ಹಲ್ಲುಚಕ್ರಕ್ಕೆ ಸುತ್ತಿಕೊಂಡು, ಗೇರು ಬದಲಿಸುವ ತೋಳನ್ನು ಚಕ್ರದ ಕಡ್ಡಿಗಳ (ಸ್ಪೋಕ್) ಒಳಕ್ಕೆ ಎಳೆದುಬಿಡುತ್ತದೆ. ಒಂದು ಸುತ್ತು ಜೋರಾಗಿ ತುಳಿದರೆ ಸಾಕು, ತೋಳೂ ಹೋಯಿತು, ಕಡ್ಡಿಗಳೂ ಹೋದವು. ಹಾಸು ಕಂಡ ಕೂಡಲೇ ಇಳಿದು, ಸೈಕಲ್ ಎತ್ತಿ ಅಂಚಿನಿಂದ ದಾಟಿಸಿ. ಕಬ್ಬು ಹೇರಿದ ಟ್ರ್ಯಾಕ್ಟರ್ ಹಿಂದೆ ಬಂದರೂ ಹಾಗೆಯೇ: ಎರಡು ಟ್ರೇಲರ್ ಇರಬಹುದು, ಕಬ್ಬಿನ ಜಲ್ಲೆ ಪಕ್ಕಕ್ಕೆ ಒಂದು ಮಾರು ಚಾಚಿರಬಹುದು. ಎಡಕ್ಕೆ ಇಳಿದು ಅದು ಪೂರ್ತಿ ದಾಟುವವರೆಗೆ ನಿಲ್ಲುವುದೇ ಲೇಸು.

ಸೈಕಲ್ಲಿನ ವಿಷಯಕ್ಕೆ ಬಂದರೆ, ಜೋಡಿಗೆ ಮೊದಲನೆಯ ಸೂತ್ರ ಇದು: ಎರಡು ಸೈಕಲ್ಲಿನ ಚಕ್ರದ ಅಳತೆ, ಟ್ಯೂಬಿನ ವಾಲ್ವು, ಬ್ರೇಕಿನ ಪ್ಯಾಡು ಒಂದೇ ಆಗಿರಲಿ. ಒಬ್ಬರದು 26 ಇಂಚು, ಇನ್ನೊಬ್ಬರದು 700 ಎಂಬ ಇನ್ನೂ ದೊಡ್ಡ ಅಳತೆಯ ಚಕ್ರ ಆದರೆ ಹೊರುವ ಬಿಡಿಭಾಗ ಎರಡು ಪಟ್ಟು. ಒಂದೇ ಆಗಿದ್ದರೆ ಎರಡು ಟ್ಯೂಬು, ಒಂದು ಜೊತೆ ಪ್ಯಾಡು ಇಬ್ಬರಿಗೂ ಸಾಕು. ಅಂಗಡಿಯವರು ಬಣ್ಣ, ಗೇರಿನ ಸಂಖ್ಯೆಯ ಬಗ್ಗೆ ಮಾತಾಡುತ್ತಾರೆ; ಕೊಳ್ಳುವವರು ಇದನ್ನು ಕೇಳಬೇಕು. ಏರಿಗೆ 38ರಿಂದ 45 ಮಿಲಿಮೀಟರ್ ಅಗಲದ ಟೈರು ಹದ. 28ರ ಸಣ್ಣ ಟೈರು ಮಣ್ಣಿನಲ್ಲಿ ಹೂತು ಕೈ ನಡುಗಿಸುತ್ತದೆ. 40ರ ಟೈರಿಗೆ, 65 ಕಿಲೋ ತೂಕದ ಸವಾರರಿಗೆ, ಹಿಂದೆ 50, ಮುಂದೆ 42ರಿಂದ 45 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ. ಡಾಂಬರಿನ ಮೇಲೆ ಹಗುರವಾಗಲೆಂದು 70 ಹೊಡೆಸಿಕೊಂಡರೆ ಏರಿಯ ಪ್ರತಿ ಕಲ್ಲೂ ಬೆನ್ನಿಗೆ ತಾಗುತ್ತದೆ. 30ಕ್ಕೆ ಇಳಿಸಿದರೆ ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತಾಗುತ್ತದೆ. ಎರಡು ತೂತು ಕಂಡರೆ ಮುಳ್ಳು ಹುಡುಕಬೇಡಿ, ಗಾಳಿ ಹೆಚ್ಚಿಸಿ.

ವಾಲ್ವಿನ ಇನ್ನೊಂದು ಸಂಗತಿ. ಸಣ್ಣ ಮೂತಿಯ ಪ್ರೆಸ್ಟಾ ವಾಲ್ವು ಇದ್ದರೆ ಹಳ್ಳಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಅಡಾಪ್ಟರ್ ಒಂದು ಸಣ್ಣ ನಟ್ಟಿನಷ್ಟೇ ಇರುತ್ತದೆ, ಎರಡು ತೆಗೆದಿಟ್ಟುಕೊಳ್ಳಿ. ಬೈಕಿನಂಥ ದಪ್ಪ ವಾಲ್ವು ಇದ್ದರೆ ಆ ಚಿಂತೆಯೇ ಇಲ್ಲ. ಕಂಪ್ರೆಸರಿನಲ್ಲಿ ಹೊಡೆಸುವಾಗ ಒಂದೊಂದು ಸೆಕೆಂಡಿಗೂ ನಿಲ್ಲಿಸಿ ಒತ್ತಿ ನೋಡಿ. ಲಾರಿಗೆ ಹೊಡೆಯುವ ಗಾಳಿ ಸೈಕಲ್ ಟ್ಯೂಬನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿಸುತ್ತದೆ.

ಏರಿಯ ದೊಡ್ಡ ಶತ್ರು ನೆಗ್ಗಿಲ ಮುಳ್ಳು, ಆಮೇಲೆ ಜಾಲಿ. ನೆಗ್ಗಿಲು ನೆಲಕ್ಕೆ ಹರಡಿ ಹಳದಿ ಹೂ ಬಿಡುವ ಬಳ್ಳಿ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ಬೇಲಿ ಸವರಿ ಏರಿಯ ಮೇಲೆ ಎಸೆದ ಜಾಲಿ ಕೊಂಬೆ ಟೈರಿನಲ್ಲಿ ಮುರಿದು ಒಳಗೇ ಉಳಿಯುತ್ತದೆ. ಟ್ಯೂಬು ಬದಲಿಸಿ ಗಾಳಿ ತುಂಬಿದ ಹತ್ತೇ ನಿಮಿಷಕ್ಕೆ ಮತ್ತೆ ಪಂಕ್ಚರ್ ಆಗುವುದು ಇದರಿಂದಲೇ. ಟೈರಿನ ಒಳಮೈ ಪೂರ್ತಿ ಒಮ್ಮೆ ಹತ್ತಿ ಬಟ್ಟೆಯಿಂದ ಸವರಿ. ಮುಳ್ಳು ಇದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೂ ಗಾಯವಾಗದು. ಪ್ಯಾಚು ಹಾಕುವಾಗ ಅವಸರ ಕೂಡದು. ತೂತಿನ ಸುತ್ತ ಉಪ್ಪು ಕಾಗದದಿಂದ ಹೊಳಪು ಹೋಗುವವರೆಗೆ ತಿಕ್ಕಿ, ಪ್ಯಾಚಿಗಿಂತ ಸ್ವಲ್ಪ ದೊಡ್ಡದಾಗಿ ಸಲ್ಯೂಷನ್ (ಪಂಕ್ಚರ್ ಅಂಟು) ಹಚ್ಚಿ, ಐದು ನಿಮಿಷ ಒಣಗಲು ಬಿಡಿ. ಬೆರಳಿಗೆ ಅಂಟದಂತೆ ಆದ ಮೇಲೆ ಪ್ಯಾಚು ಇಟ್ಟು ಒಂದು ನಿಮಿಷ ಬಲವಾಗಿ ಒತ್ತಬೇಕು. ಹಸಿ ಸಲ್ಯೂಷನ್ ಮೇಲೆ ಇಟ್ಟ ಪ್ಯಾಚು ಬಿಸಿಲಿಗೆ ಟ್ಯೂಬು ಕಾದ ಕೂಡಲೇ ಬಿಟ್ಟುಕೊಳ್ಳುತ್ತದೆ. ಸಲ್ಯೂಷನ್ ಟ್ಯೂಬು ಒಮ್ಮೆ ಒಡೆದರೆ ಕೆಲವು ವಾರಗಳಲ್ಲಿ ಒಣಗಿಹೋಗುತ್ತದೆ. ಹಳೆಯ ಪೆಟ್ಟಿಗೆಯನ್ನು ನಂಬಿ ಹೊರಡದೆ ಹೊಸದೊಂದು ಚಿಕ್ಕ ಟ್ಯೂಬು ಇಟ್ಟುಕೊಳ್ಳಿ.

ಚೈನನ್ನು ಏರಿಯ ಧೂಳು ಮರಳು ಕಾಗದದಂತೆ ತಿನ್ನುತ್ತದೆ. ಪ್ರತಿ ಸಂಜೆ ಒಣ ಬಟ್ಟೆಯಲ್ಲಿ ಒರೆಸಿ, ಒಂದೊಂದು ಉರುಳೆಗೆ ಒಂದೇ ಹನಿ ಎಣ್ಣೆ, ಹತ್ತು ನಿಮಿಷ ಬಿಟ್ಟು ಮೇಲಿನ ಎಣ್ಣೆಯನ್ನು ಮತ್ತೆ ಒರೆಸಿ. ಎಣ್ಣೆ ಸುರಿದಷ್ಟೂ ಒಳ್ಳೆಯದು ಎನ್ನುವುದು ತಪ್ಪು. ಹೊರಗಿನ ಎಣ್ಣೆ ಧೂಳನ್ನು ಹಿಡಿದುಕೊಳ್ಳುವ ಅಂಟು. ಹೊರಡುವ ಮುಂಚೆ ಸ್ಕೇಲ್ ಹಿಡಿದು ಚೈನಿನ 12 ಪೂರ್ಣ ಕೊಂಡಿಗಳನ್ನು ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಅಳೆಯಿರಿ. ಹೊಸದಾದರೆ ಸರಿಯಾಗಿ 12 ಇಂಚು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಹಿಂದಿನ ಹಲ್ಲುಚಕ್ರವೂ ಸವೆದಿರುತ್ತದೆ. ಮೇಲುಕೋಟೆ ಬೆಟ್ಟದ ಏರಿನಲ್ಲಿ ನಿಂತು ತುಳಿದಾಗ ಚೈನು ಹಾರುವುದು ಇಂಥ ಸೈಕಲ್ಲಿಗೇ.

ಆ ಬೆಟ್ಟದ ಏರು ಹತ್ತಲು ಮುಂದಿನ ಚಿಕ್ಕ ಹಲ್ಲುಚಕ್ರ 28 ಅಥವಾ 30 ಹಲ್ಲು, ಹಿಂದಿನ ದೊಡ್ಡದು 32 ಅಥವಾ 34 ಇದ್ದರೆ ಸಾಮಾನು ಹೊತ್ತೂ ಕೂತೇ ಹತ್ತಬಹುದು. ಇಳಿಯುವಾಗ ಬ್ರೇಕನ್ನು ಸವರುತ್ತಾ ಬರಬೇಡಿ. ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಸತತವಾಗಿ ಒತ್ತಿ ಹಿಡಿದರೆ ರಿಮ್ಮು, ಡಿಸ್ಕು ಕಾದು ಹಿಡಿತ ತಪ್ಪುತ್ತದೆ. ವೈರಮುಡಿ ಉತ್ಸವದ ದಿನಗಳಲ್ಲಿ ಮಾತ್ರ ಮೇಲುಕೋಟೆ ದಾರಿಯನ್ನು ಬಿಟ್ಟುಬಿಡಿ. ದರ್ಶನಕ್ಕೆ ಬಸ್ಸೇ ವಾಸಿ.

ಸಾಮಾನು ಸರಾಸರಿ ಒಬ್ಬೊಬ್ಬರಿಗೆ 6ರಿಂದ 8 ಕಿಲೋ. ಬೆನ್ನಿಗೆ ಚೀಲ ಹಾಕಿಕೊಳ್ಳಬೇಡಿ, ಸೊಂಟ ಸೋಲುತ್ತದೆ; ಕ್ಯಾರಿಯರ್‌ನ ಎರಡು ಪಕ್ಕಕ್ಕೆ ಸಮನಾಗಿ ತೂಗುಹಾಕಿ. ಹಿಂಚಕ್ರದ ಬಲಗಡೆಯ ಕಡ್ಡಿಗಳ ಮೇಲೆ ಎಳೆತ ಹೆಚ್ಚು, ಭಾರ ಅತಿಯಾದರೆ ಮೊದಲು ಮುರಿಯುವುದು ಅವೇ. ಅಳತೆಗೆ ಸರಿಯಾದ ಮೂರು ಕಡ್ಡಿಗಳನ್ನು ಚೌಕಟ್ಟಿಗೆ ಟೇಪು ಸುತ್ತಿ ಇಟ್ಟುಕೊಳ್ಳಿ. ದಾರಿಯಲ್ಲಿ ಮುರಿದರೆ, ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ, ರಿಮ್ ಬ್ರೇಕಾದರೆ ಅದನ್ನು ಸ್ವಲ್ಪ ಸಡಿಲಿಸಿ, ಮುಂದಿನ ಊರಿನವರೆಗೆ ನಿಧಾನವಾಗಿ ಹೋಗಬಹುದು. ಗೇರಿನ ತೋಳು ನೇತಾಡುವ ಹ್ಯಾಂಗರ್ ಎಂಬ ಸಣ್ಣ ಅಲ್ಯುಮಿನಿಯಂ ತುಂಡು ಸೈಕಲ್ ಬಲಕ್ಕೆ ಬಿದ್ದರೆ ಬಾಗುತ್ತದೆ, ಮುರಿಯುತ್ತದೆ. ಅದು ಮಾದರಿಗೊಂದು ಆಕಾರ, ಊರಿನ ಅಂಗಡಿಯಲ್ಲಿ ಸಿಗದು. ಇಬ್ಬರ ಸೈಕಲ್ಲಿನದೂ ಒಂದೊಂದು ಇರಲಿ, ಸೈಕಲ್ಲನ್ನು ಯಾವಾಗಲೂ ಎಡಕ್ಕೇ ಮಲಗಿಸಿ. ಏನೂ ಮಾಡಲಾಗದಿದ್ದರೆ ಯಾವ ಹೋಬಳಿ ಊರಿನಲ್ಲೂ ಲಗೇಜ್ ಆಟೋ ಸಿಗುತ್ತದೆ; ಎರಡು ಸೈಕಲ್, ಇಬ್ಬರು ಸವಾರರು ಅದರಲ್ಲಿ ಹಿಡಿಯುತ್ತಾರೆ.

ಈಗ ಮುಖ್ಯವಾದ ಮಾತು. ಜೋಡಿ ಪ್ರಯಾಣ ಕೆಡುವುದು ಪಂಕ್ಚರಿನಿಂದಲ್ಲ, ವೇಗದ ವ್ಯತ್ಯಾಸದಿಂದ. ಬಲವಿರುವವರು ಮುಂದೆ ಹೋಗಿ ನೆರಳಿನಲ್ಲಿ ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ತಲುಪಿದ ಕೂಡಲೇ, ಕಾದು ಕೂತವರು ‘ಹೊರಡೋಣವಾ’ ಎನ್ನುತ್ತಾರೆ. ಒಬ್ಬರಿಗೆ ವಿಶ್ರಾಂತಿ ಸಿಕ್ಕಿದೆ, ಇನ್ನೊಬ್ಬರಿಗೆ ಸಿಕ್ಕಿಲ್ಲ. ಎರಡನೆಯ ದಿನಕ್ಕೆ ಮಾತು ಕಡಿಮೆಯಾಗುತ್ತದೆ, ಮೂರನೆಯ ದಿನಕ್ಕೆ ಬಸ್ಸು ಹತ್ತುವ ಯೋಚನೆ ಬರುತ್ತದೆ. ಪರಿಹಾರ ಸುಲಭ: ನಿಧಾನ ತುಳಿಯುವವರೇ ಮುಂದೆ ಇರಬೇಕು, ವೇಗ ಅವರದೇ. ಭಾರದಲ್ಲಿ ಹೆಚ್ಚಿನ ಪಾಲು, ಉಪಕರಣ, ಬೀಗ, ನೀರು ಎಲ್ಲ ಬಲವಿರುವವರ ಸೈಕಲ್ಲಿಗೆ ಹೋಗಬೇಕು. ಒಟ್ಟು 14 ಕಿಲೋ ಇದ್ದರೆ ಒಬ್ಬರಿಗೆ 9, ಇನ್ನೊಬ್ಬರಿಗೆ 5. ನಿಲ್ಲುವುದು ಸುಸ್ತಾದಾಗಲ್ಲ, ಗಡಿಯಾರ ನೋಡಿ: ಮುಕ್ಕಾಲು ಗಂಟೆಗೊಮ್ಮೆ ಐದು ನಿಮಿಷ, ಇಬ್ಬರೂ ಒಟ್ಟಿಗೆ. ಕೈ ಸನ್ನೆ ಮೊದಲೇ ನಿಗದಿಯಾಗಿರಲಿ. ಹಿಂದಿನವರು ಗಾಡಿ ಬಂತೆಂದು ಕೂಗಿದರೆ ಮುಂದಿನವರು ಹಿಂದಿರುಗಿ ನೋಡದೆ ಎಡಕ್ಕೆ ಸರಿಯಬೇಕು, ಏಕೆಂದರೆ ತಲೆ ತಿರುಗಿದ ಕಡೆಗೇ ಹ್ಯಾಂಡಲ್ಲೂ ತಿರುಗುತ್ತದೆ. ಪಂಕ್ಚರ್ ಹಾಕುವುದು ಇಬ್ಬರಿಗೂ ಬರಬೇಕು. ‘ಅದೆಲ್ಲ ಯಜಮಾನರು ನೋಡಿಕೊಳ್ಳುತ್ತಾರೆ’ ಎಂದು ಬಿಟ್ಟರೆ, ಯಜಮಾನರ ಕೈಗೆ ಪೆಟ್ಟಾದ ದಿನ ಇಬ್ಬರೂ ಏರಿಯ ಮೇಲೇ ಕೂರಬೇಕಾಗುತ್ತದೆ.

ಸೀಟಿನ ಎತ್ತರ ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲೆ ಇಟ್ಟಾಗ ಕಾಲು ನೇರವಾಗಿರಬೇಕು. ಅಂಗಾಲಿನ ಮುಂಭಾಗ ಇಟ್ಟು ತುಳಿದಾಗ ಮಂಡಿ ಸ್ವಲ್ಪ ಬಾಗಿರುತ್ತದೆ. ಮಂಡಿಯ ಮುಂದೆ ನೋವು ಬಂದರೆ ಸೀಟು ತಗ್ಗಾಗಿದೆ, ಹಿಂದೆ ಬಂದರೆ ಎತ್ತರವಾಗಿದೆ. ಒಂದು ಬಾರಿಗೆ ಐದು ಮಿಲಿಮೀಟರಿಗಿಂತ ಹೆಚ್ಚು ಬದಲಿಸಬೇಡಿ. ಸೀರೆಯ ಸೆರಗು, ದುಪಟ್ಟಾ, ಪಂಚೆ, ಅಗಲ ಕಾಲಿನ ಪೈಜಾಮ ಇವುಗಳಿಗೂ ಚೈನಿಗೂ ಎಂದೂ ಹೊಂದಿಕೆಯಿಲ್ಲ.

ಊಟ ಈ ಸೀಮೆಯಲ್ಲಿ ಕಷ್ಟವೇ ಅಲ್ಲ. ಬೆಳಗ್ಗೆ ಇಡ್ಲಿ, ಚಿತ್ರಾನ್ನ. ದಾರಿಗೆ ಬಾಳೆಹಣ್ಣು, ಕಡಲೆ ಬೆಲ್ಲ, ಎಳನೀರು. ಆಲೆಮನೆ ಸಿಕ್ಕಿದರೆ ಬಿಸಿ ಬೆಲ್ಲ. ಮಧ್ಯಾಹ್ನ ಮುದ್ದೆ ಉಂಡು ಕೂಡಲೇ ಸೈಕಲ್ ಹತ್ತಬೇಡಿ, ಹನ್ನೊಂದೂವರೆಯಿಂದ ಮೂರೂವರೆಯವರೆಗೆ ನೆರಳಿನಲ್ಲೇ ಇರಿ. ಗಂಟೆಗೆ ಅರ್ಧ ಲೀಟರ್ ನೀರು ಬೇಕು. ಬರೀ ನೀರು ಕುಡಿಯುತ್ತಾ ಹೋದರೆ ಸಂಜೆಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಲೀಟರಿಗೊಂದು ಓಆರ್‌ಎಸ್ ಪೊಟ್ಟಣ, ಇಲ್ಲವೇ ಉಪ್ಪು ಹಾಕಿದ ನಿಂಬೆ ಪಾನಕ ಮಾಡಿಕೊಳ್ಳಿ. ನಾಲೆ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯುವುದಕ್ಕಲ್ಲ.

ಕಷ್ಟವಿರುವುದು ಶೌಚಾಲಯಕ್ಕೆ, ಅದೂ ಹೆಣ್ಣುಮಕ್ಕಳಿಗೆ. ಮೈಲಿಗಟ್ಟಲೆ ಏರಿಯ ಮೇಲೆ ಮರೆಯಿಲ್ಲ. ಅದಕ್ಕೆ ಹೆದರಿ ನೀರು ಕುಡಿಯದೆ ತುಳಿಯುತ್ತಾರೆ, ಮಧ್ಯಾಹ್ನಕ್ಕೆ ತಲೆನೋವು, ಉರಿಮೂತ್ರ. ಬಸ್ ನಿಲ್ದಾಣ, ಪೆಟ್ರೋಲ್ ಬಂಕು, ದೇವಸ್ಥಾನದ ಊರು ಎಲ್ಲಿ ಬರುತ್ತವೆ ಎಂದು ಗುರುತು ಹಾಕಿಕೊಂಡೇ ಆ ದಿನದ ದಾರಿ ಹಾಕಬೇಕು. ದಾರಿ ಎರಡು ಮೈಲಿ ಸುತ್ತಾದರೂ ಸರಿ.

ನೀರಾವರಿ ಇಲಾಖೆಯಲ್ಲಿ ನಾವು ಕೇಳುವುದು ದೊಡ್ಡದೇನಲ್ಲ. ಏರಿಯ ತಿರುವುಗಳಲ್ಲಿ, ಸೇತುವೆಯ ಎರಡೂ ತುದಿಗಳಲ್ಲಿ ನೀರಿನ ಬದಿಗೆ ಸೊಂಟದೆತ್ತರದ ತಡೆ ಇರಲಿ. ನಾಲೆಯ ಒಳಮೈಯಲ್ಲಿ ಅಲ್ಲಲ್ಲಿ ಕಬ್ಬಿಣದ ಮೆಟ್ಟಿಲು, ತೂಬಿನ ಮುಂಚೆ ಅಡ್ಡಲಾಗಿ ಒಂದು ಹಿಡಿ ಸರಪಳಿ ಇದ್ದರೆ ಬಿದ್ದವರಿಗೆ, ಬಟ್ಟೆ ಒಗೆಯುವವರಿಗೆ, ದನ ತೊಳೆಯುವ ಹುಡುಗರಿಗೆ ಎಲ್ಲರಿಗೂ ಆಸರೆ. ಏರಿಗೆ ಹತ್ತುವಲ್ಲಿ 1.2 ಮೀಟರ್ ಅಂತರದಲ್ಲಿ ಕಲ್ಲುಕಂಬ ನೆಟ್ಟರೆ ಚೀಲ ಹೊತ್ತ ಸೈಕಲ್ ನುಸುಳುತ್ತದೆ, ಮರಳು ಮಣ್ಣಿನ ಟಿಪ್ಪರ್ ನುಸುಳುವುದಿಲ್ಲ. ರೈತರ ಗಾಡಿಗೂ ಇಲಾಖೆಯ ಜೀಪಿಗೂ ಪಕ್ಕದಲ್ಲಿ ಒಂದು ಗೇಟು, ಅದರ ಬೀಗ ನೀರುಗಂಟಿಯ ಕೈಯಲ್ಲಿ. ಸುಣ್ಣ ಉದುರಿದ ಕಿಲೋಮೀಟರ್ ಕಲ್ಲಿಗೆ ಬಣ್ಣ ಹಚ್ಚಿ ಊರಿನ ಹೆಸರು ಕನ್ನಡದಲ್ಲಿ ದಪ್ಪಗೆ ಬರೆಸಲಿ. ಅಪಘಾತದ ಹೊತ್ತಿನಲ್ಲಿ ಜಾಗ ಹೇಳಲು ಅದೊಂದೇ ಸಾಕು. ಹದಿನೈದು ಕಿಲೋಮೀಟರಿಗೊಂದು ಶೌಚಾಲಯ, ನೀರಿನ ನಲ್ಲಿಯನ್ನು ಏರಿಗೆ ಹತ್ತಿರದ ಗ್ರಾಮ ಪಂಚಾಯಿತಿ ನೋಡಿಕೊಳ್ಳುವಂತಾಗಲಿ. ಗದ್ದೆ ಕೆಲಸಕ್ಕೆ ಬರುವ ಹೆಂಗಸರಿಗೂ ಅದು ಬೇಕಾದದ್ದೇ.

ಬೇಸಿಗೆಯಲ್ಲಿ ನಾಲೆಯ ನೀರು ನಿಲ್ಲಿಸಿ ಹೂಳು ತೆಗೆಯುವಾಗ, ಕಾಂಕ್ರೀಟ್ ತೇಪೆ ಹಾಕುವಾಗ ಗಾರೆಯವರು, ಯಂತ್ರ, ಸಿಮೆಂಟು ಎಲ್ಲ ಏರಿಯ ಮೇಲೇ ಇರುತ್ತವೆ. ಮೆಟ್ಟಿಲು, ಸರಪಳಿ, ತಡೆಗಂಬವನ್ನು ಆ ಕೆಲಸದ ಅಂದಾಜುಪಟ್ಟಿಗೇ ಸೇರಿಸಬೇಕು. ನೀರು ಬಿಟ್ಟ ಮೇಲೆ ಮನವಿ ಕೊಟ್ಟರೆ ಮುಂದಿನ ಬೇಸಿಗೆಯವರೆಗೆ ಯಾರೂ ಒಳಗೆ ಇಳಿಯುವಂತಿಲ್ಲ. ಆದ್ದರಿಂದ ಈ ಸಲದ ಪಟ್ಟಿ ತಯಾರಾಗುವ ಮುಂಚೆಯೇ ಮಂಡ್ಯ, ಮೈಸೂರು ವಿಭಾಗಗಳ ಎಂಜಿನಿಯರುಗಳು ಕನಗನಮರಡಿಯಿಂದಲೇ ಶುರುಮಾಡಿ ಏರಿಯನ್ನು ಒಮ್ಮೆ ಸೈಕಲ್ಲಿನಲ್ಲಿ ನೋಡಿ ಬರಬೇಕೆಂದು ಕೋರುತ್ತೇವೆ.

ಇಂತಿ,
ಇಬ್ಬರು ಸೈಕಲ್ ಸವಾರರು
ಕುವೆಂಪುನಗರ, ಮೈಸೂರು